ಪೆಟ್ಟಿಗೆಯಲ್ಲಿ ಬಂದ ರೆಕ್ಕೆಯನ್ನು ನಂಬುವ ಮೊದಲು

ಹೋದ ಜುಲೈ ತಿಂಗಳ ಒಂದು ಭಾನುವಾರ ನಮ್ಮ ಮಗನ ವಿಮಾನದ ಎಡ ರೆಕ್ಕೆ ಆಕಾಶದಲ್ಲೇ ಮೇಲಕ್ಕೆ ಮಡಚಿಕೊಂಡಿತು. ಎರಡು ತೆಂಗಿನಮರದ ಎತ್ತರದಿಂದ ಒಂದೂವರೆ ಕೆ.ಜಿ. ತೂಕದ ಆ ವಸ್ತು ಗಿರಗಿರ ತಿರುಗುತ್ತ ಬಂದು, ನಾವು ಚಾಪೆ ಹಾಸಿ ಚಿತ್ರಾನ್ನದ ಡಬ್ಬಿ ಬಿಚ್ಚಿದ್ದ ಜಾಗದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಹುಲ್ಲಿಗೆ ನೆಟ್ಟುಕೊಂಡಿತು. ಅದು ಬಿದ್ದ ಜಾಗದಲ್ಲೇ ಎರಡು ನಿಮಿಷ ಮೊದಲು ನಮ್ಮ ಸ್ನೇಹಿತರ ನಾಲ್ಕು ವರ್ಷದ ಮಗಳು ಚಿಟ್ಟೆ ಹಿಡಿಯಲು ಓಡಾಡುತ್ತಿದ್ದಳು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ದಿನ ಚಿತ್ರಾನ್ನ ಯಾರಿಗೂ ಗಂಟಲಲ್ಲಿ ಇಳಿಯಲಿಲ್ಲ.

ರಾತ್ರಿ ಊರಿಗೆ ಫೋನ್ ಮಾಡಿ ಹೇಳಿದರೆ, "ಆಟದ ವಿಮಾನ ತಾನೆ, ಹೋದರೆ ಹೋಗಲಿ ಬಿಡಿ" ಎಂದರು. ಆಟದ್ದು ಎನ್ನುವ ಮಾತೇ ನಮ್ಮನ್ನೂ ದಾರಿ ತಪ್ಪಿಸಿದ್ದು. ನಮ್ಮದು ಲೆಕ್ಕಪತ್ರದ ವೃತ್ತಿ; ಕಾಗದದ ಮೇಲೆ ಹಾಕಿ ನೋಡದೆ ಸಮಾಧಾನವಾಗುವುದಿಲ್ಲ. ಒಂದೂವರೆ ಕೆ.ಜಿ. ವಸ್ತು ಗಂಟೆಗೆ 90 ಕಿ.ಮೀ. ವೇಗದಲ್ಲಿ ಬಂದರೆ ಅದರ ಶಕ್ತಿ ಎಷ್ಟು? ವೇಗದ ಬೌಲರ್ ಒಬ್ಬ 140 ಕಿ.ಮೀ. ವೇಗದಲ್ಲಿ ಎಸೆದ ಕ್ರಿಕೆಟ್ ಚೆಂಡಿನ ಸುಮಾರು ನಾಲ್ಕು ಪಟ್ಟು. ಆ ಚೆಂಡನ್ನು ಎದುರಿಸುವವನಿಗೆ ಹೆಲ್ಮೆಟ್ ಇರುತ್ತದೆ. ಚಿಟ್ಟೆ ಹಿಡಿಯುವ ಮಗುವಿಗೆ ಇರುವುದಿಲ್ಲ.

ನಾವಿರುವ ಸ್ನೊಕ್ವಾಲ್ಮಿ, ಸಿಯಾಟಲ್‌ನಿಂದ ಪೂರ್ವಕ್ಕೆ ಕ್ಯಾಸ್ಕೇಡ್ ಬೆಟ್ಟಗಳ ಬುಡದಲ್ಲಿರುವ ಚಿಕ್ಕ ಊರು. 268 ಅಡಿ ಎತ್ತರದ ಜಲಪಾತವೇ ಇದರ ಗುರುತು. ಊರಿನಿಂದ ಬಂದ ಹಿರಿಯರನ್ನೆಲ್ಲ ಮೊದಲು ಕರೆದೊಯ್ಯುವುದು ಅಲ್ಲಿಗೇ. ಅವರು "ಜೋಗದಷ್ಟಿಲ್ಲ" ಎನ್ನುವುದೂ ನಿಗದಿ. ಇದು ಬೋಯಿಂಗ್ ವಿಮಾನಗಳ ಸೀಮೆ. ಎವರೆಟ್ ಮತ್ತು ರೆಂಟನ್ ಕಾರ್ಖಾನೆಗಳು ಇಲ್ಲಿಂದ ಕಾರಿನಲ್ಲಿ ಹೋಗಿಬರುವಷ್ಟು ಹತ್ತಿರ. ರೆಡ್ಮಂಡ್‌ನ ಮೇರಿಮೂರ್ ಪಾರ್ಕ್‌ನಲ್ಲಿ ರಿಮೋಟ್ ವಿಮಾನ ಹಾರಿಸುವವರಿಗೆಂದೇ ಒಂದು ಮೈದಾನವಿದೆ. ಹೀಗಾಗಿ ಕನ್ನಡ ಕುಟುಂಬಗಳ ಮಕ್ಕಳಿಗೂ ಈ ಹುಚ್ಚು ಬೇಗ ಹತ್ತುತ್ತದೆ. ಅಪ್ಪ ಅಮ್ಮಂದಿರಿಗೆ ಪುರಸೊತ್ತಿಲ್ಲ. ಹುಟ್ಟುಹಬ್ಬ ಬಂತೆಂದರೆ ಆನ್‌ಲೈನ್‌ನಲ್ಲಿ ಒಂದು ರೆಡಿಮೇಡ್ ವಿಮಾನ ತರಿಸಿದರೆ ಆಯಿತು. ನಾವೂ ಅದನ್ನೇ ಮಾಡಿದೆವು.

ಈ ರೆಡಿಮೇಡ್ ವಿಮಾನಗಳನ್ನು ಇಲ್ಲಿ ಎಆರ್‌ಎಫ್ ಎನ್ನುತ್ತಾರೆ, ಬಹುತೇಕ ಹಾರಲು ಸಿದ್ಧ ಎಂದು ಅರ್ಥ. ಹಿಂದೆ ಹವ್ಯಾಸಿಗಳು ನಕ್ಷೆ ಹಾಸಿಕೊಂಡು, ಬಾಲ್ಸಾ ಮರದ ಪಟ್ಟಿಗಳನ್ನು ಕೊಯ್ದು ಅಂಟಿಸಿ ತಿಂಗಳುಗಟ್ಟಲೆ ಕಟ್ಟುತ್ತಿದ್ದರು. ಈಗ ರೆಕ್ಕೆ, ಒಡಲು, ಬಾಲ ಎಲ್ಲವೂ ಕಾರ್ಖಾನೆಯಲ್ಲೇ ಕಟ್ಟಿ, ಮೇಲೆ ಬಣ್ಣದ ಪ್ಲಾಸ್ಟಿಕ್ ಹಾಳೆಯನ್ನು ಇಸ್ತ್ರಿ ಹಾಕಿ ಎಳೆದು ಕೂರಿಸಿ ಬರುತ್ತವೆ. ನಾಲ್ಕು ಸ್ಕ್ರೂ ತಿರುಗಿಸಿ, ಬಾಲ ಅಂಟಿಸಿ, ಬ್ಯಾಟರಿ ಹಾಕಿದರೆ ಮುಗಿಯಿತು. ನಮಗೆ ಒಂದು ಸಂಜೆ ಸಾಕಾಯಿತು. ಹೊರಗಿನಿಂದ ಅದು ಎಷ್ಟು ಚೆನ್ನಾಗಿತ್ತೆಂದರೆ ಒಳಗೇನಿದೆ ಎಂದು ನೋಡಬೇಕು ಅನ್ನಿಸಲೇ ಇಲ್ಲ. ಬಿ.ಕಾಂ. ಮುಗಿಸಿ ಸಿ.ಎ. ಓದುವಾಗ ಅಡಿಕೆ ಮಂಡಿಗಳಲ್ಲಿ ದಾಸ್ತಾನು ಎಣಿಸಲು ಹೋಗುತ್ತಿದ್ದೆವು. ಮೇಲಿನ ಸಾಲಿನ ಚೀಲ ನೋಡಿ ಸಹಿ ಹಾಕಬೇಡಿ, ಕೆಳಗಿನ ಸಾಲಿನದನ್ನೂ ಬಿಚ್ಚಿಸಿ ಎಂದು ಹಿರಿಯರು ಹೇಳಿಕೊಟ್ಟಿದ್ದರು. ಆ ಪಾಠ ಕಚೇರಿಯಲ್ಲಿ ನೆನಪಿರುತ್ತದೆ, ಮನೆಯ ಗ್ಯಾರೇಜಿನಲ್ಲಿ ಮರೆತುಹೋಗುತ್ತದೆ.

ಒಳಗೆ ನೋಡಿದವರು ನಮ್ಮ ಅಪ್ಪ. ಸಾಗರದ ಕಡೆಯ ಪ್ರೌಢಶಾಲೆಯಲ್ಲಿ ಕ್ರಾಫ್ಟ್ ಮೇಷ್ಟ್ರಾಗಿ ನಿವೃತ್ತರಾದವರು, ಆರು ತಿಂಗಳಿಗೆಂದು ಬಂದಿದ್ದರು. ಬಿದ್ದ ಚೂರುಗಳನ್ನೆಲ್ಲ ಒಂದು ಟವೆಲ್ಲಿನಲ್ಲಿ ಕಟ್ಟಿಕೊಂಡು ಬಂದು ಟೇಬಲ್ ಲ್ಯಾಂಪಿನ ಕೆಳಗೆ ಹರಡಿದರು. ಮೊಮ್ಮಗ ಅಳುತ್ತಿದ್ದ, ಅವನನ್ನೇ ಪಕ್ಕದಲ್ಲಿ ಕೂರಿಸಿಕೊಂಡರು. ಬಹಳ ಹೊತ್ತಿನ ಮೇಲೆ, "ಇಲ್ಲಿ ನೋಡು ಮಾರಾಯ, ಇದು ಮುರಿದದ್ದಲ್ಲ. ಬಿಟ್ಟುಕೊಂಡದ್ದು" ಎಂದರು.

ಅವರು ತೋರಿಸಿದ್ದು ಇಷ್ಟು. ಮರ ನಿಜವಾಗಿ ಮುರಿದರೆ ಮುರಿದ ಕಡೆ ನಾರು ಎದ್ದಿರುತ್ತದೆ, ಗರಗಸದ ಹಲ್ಲಿನ ಹಾಗೆ. ಅಂಟು ಸರಿಯಾಗಿ ಹಿಡಿದಿದ್ದರೂ ಅಷ್ಟೇ: ಕಿತ್ತಾಗ ಒಂದು ತುಂಡಿನ ನಾರು ಇನ್ನೊಂದಕ್ಕೆ ಮೆತ್ತಿಕೊಂಡು ಬರುತ್ತದೆ. ನಮ್ಮ ರೆಕ್ಕೆಯ ಬುಡದಲ್ಲಿ ಅಂಟು ಹಚ್ಚಿದ ಜಾಗ ಗಾಜಿನಂತೆ ನುಣುಪಾಗಿ ಹೊಳೆಯುತ್ತಿತ್ತು. ಅಂದರೆ ಅಂಟು ಮರದೊಳಗೆ ಇಳಿದೇ ಇರಲಿಲ್ಲ, ಮೇಲೆ ಒಣಗಿ ಕೂತಿತ್ತು. ಎರಡು ತುಂಡುಗಳಿಗಂತೂ ಒಂದು ಬದಿಗೆ ಮಾತ್ರ ಅಂಟು ತಾಗಿತ್ತು. "ನಮ್ಮ ಹುಡುಗರು ಫೆವಿಕಾಲ್ ಹಚ್ಚಿ ದಾರ ಸುತ್ತಿ ರಾತ್ರಿಯಿಡೀ ಬಿಟ್ಟು ಕೂರಿಸಿದ ಪೆನ್ ಸ್ಟ್ಯಾಂಡೇ ಇದಕ್ಕಿಂತ ಗಟ್ಟಿ" ಎಂದರು.

ರೆಕ್ಕೆಯ ಒಳರಚನೆ ಮಲೆನಾಡಿನವರಿಗೆ ಅರ್ಥವಾಗುವಂಥದ್ದೇ. ಅಡಿಕೆ ದಬ್ಬೆಯನ್ನು ಅಗಲವಾಗಿ ಮಲಗಿಸಿದರೆ ನಡುವೆ ಬಾಗುತ್ತದೆ, ಅದನ್ನೇ ಅಂಚಿನ ಮೇಲೆ ನಿಲ್ಲಿಸಿದರೆ ಬಾಗುವುದಿಲ್ಲ. ರೆಕ್ಕೆಯ ಉದ್ದಕ್ಕೂ ಮೇಲೊಂದು ಕೆಳಗೊಂದು ಮರದ ಪಟ್ಟಿ ಇರುತ್ತದೆ. ಇವನ್ನು ಸ್ಪಾರ್ ಎನ್ನುತ್ತಾರೆ. ಹಾರುವಾಗ ಗಾಳಿ ರೆಕ್ಕೆಯನ್ನು ಮೇಲಕ್ಕೆತ್ತುತ್ತದೆ, ಒಡಲಿನ ತೂಕ ನಡುವನ್ನು ಕೆಳಕ್ಕೆ ಎಳೆಯುತ್ತದೆ. ಆಗ ಕೆಳಗಿನ ಪಟ್ಟಿ ಹಿಗ್ಗುತ್ತದೆ, ಮೇಲಿನದು ಕುಗ್ಗುತ್ತದೆ. ಎಳೆತವನ್ನು ಮರ ಚೆನ್ನಾಗಿ ತಾಳುತ್ತದೆ. ಒತ್ತಡಕ್ಕೆ ಸಿಕ್ಕ ತೆಳ್ಳಗಿನ ಪಟ್ಟಿ ಮಾತ್ರ ಪಕ್ಕಕ್ಕೆ ಬಾಗಿ ಮಡಚಿಕೊಳ್ಳಲು ದಾರಿ ಹುಡುಕುತ್ತದೆ. ಹಾಗಾಗದಂತೆ ಎರಡೂ ಪಟ್ಟಿಗಳ ನಡುವೆ ತೆಳು ಹಲಗೆ ಕೂರಿಸುತ್ತಾರೆ, ಅದರ ನಾರು ಮೇಲಿಂದ ಕೆಳಕ್ಕೆ ನಿಂತಿರಬೇಕು. ಏಣಿಯ ಮೆಟ್ಟಿಲು ಕಿತ್ತರೆ ಉಳಿಯುವುದು ಎರಡು ಬೊಂಬು ಮಾತ್ರ, ಏಣಿಯಲ್ಲ. ನಮ್ಮ ವಿಮಾನದಲ್ಲಿ ಕಳಚಿದ್ದು ಈ ಮೆಟ್ಟಿಲುಗಳೇ.

ಬಾಲ್ಸಾ ಮರದ ಬಗ್ಗೆಯೂ ಒಂದು ಮಾತು. ಬಹುಪಾಲು ಈಕ್ವೆಡಾರ್ ದೇಶದಿಂದ ಬರುವ ಈ ಮರ ಘನ ಮೀಟರ್‌ಗೆ 100 ಕೆ.ಜಿ. ತೂಗುವುದೂ ಉಂಟು, 250 ತೂಗುವುದೂ ಉಂಟು. ನಮ್ಮ ಸಾಗುವಾನಿ ಸುಮಾರು 650. ಹಗುರವಾದ ಬಾಲ್ಸಾಕ್ಕೂ ಭಾರವಾದದ್ದಕ್ಕೂ ಶಕ್ತಿಯಲ್ಲಿ ಹಲವು ಪಟ್ಟು ವ್ಯತ್ಯಾಸ, ಆದರೆ ಕೊಯ್ದು ಇಟ್ಟರೆ ಕಣ್ಣಿಗೆ ಎರಡೂ ಒಂದೇ. ಸ್ವಂತ ಕಟ್ಟುವವರು ಒಂದೊಂದು ಪಟ್ಟಿಯನ್ನೂ ತೂಗಿ, ಬಗ್ಗಿಸಿ ನೋಡಿ, ಗಟ್ಟಿಯಾದದ್ದನ್ನು ಸ್ಪಾರಿಗೆ ತೆಗೆದಿಡುತ್ತಾರೆ. ಕಾರ್ಖಾನೆಯಲ್ಲಿ ಯಾವ ಪಟ್ಟಿ ಎಲ್ಲಿಗೆ ಹೋಯಿತೆಂದು ಬಣ್ಣದ ಹಾಳೆ ಮುಚ್ಚಿದ ಮೇಲೆ ಗೊತ್ತಾಗುವುದಿಲ್ಲ. ಮರದ ವಿಷಯ ಈ ಊರಿಗೆ ಹೊಸದಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೇನೆ ವಾಷಿಂಗ್ಟನ್ ಮತ್ತು ಒರೆಗಾನ್ ಕಾಡುಗಳಿಂದ ವಿಮಾನಕ್ಕೆಂದೇ ಸಿಟ್ಕಾ ಸ್ಪ್ರೂಸ್ ಮರ ಕಡಿಸಿತು. ಸ್ನೊಕ್ವಾಲ್ಮಿಯ ಮರದ ಮಿಲ್ಲು ಶುರುವಾದದ್ದೂ 1917ರಲ್ಲೇ, ಮುಚ್ಚಿದ್ದು 2003ರಲ್ಲಿ. ಅಪ್ಪನಿಗೆ ಈ ಕಥೆ ಜಲಪಾತಕ್ಕಿಂತ ಹಿಡಿಸಿತು.

ಹಾಗಾದರೆ ತಪ್ಪೆಲ್ಲ ಕಾರ್ಖಾನೆಯದೇ? ಅಲ್ಲ. ಲೆಕ್ಕ ತಪಾಸಣೆ ಮಾಡುವವರು ತಮ್ಮ ಮನೆಯ ಲೆಕ್ಕವನ್ನೂ ತೆರೆದಿಡಬೇಕು. ಆ ವಿಮಾನ ಮೂರು ಸೆಲ್ಲಿನ, 11.1 ವೋಲ್ಟ್ ಬ್ಯಾಟರಿಗೆ ಮಾಡಿದ್ದು. ಮೈದಾನದಲ್ಲಿ ಯಾರೋ ದೊಡ್ಡ ಹುಡುಗರು ಹೇಳಿದರೆಂದು ನಮ್ಮ ಮಗ ನಾಲ್ಕು ಸೆಲ್ಲಿನ 14.8 ವೋಲ್ಟ್ ಬ್ಯಾಟರಿ ಕೇಳಿದ, ನಾವು ತರಿಸಿಕೊಟ್ಟೆವು. ವೇಗ ಜಾಸ್ತಿಯಾಯಿತು, ಎಲ್ಲರೂ ಚಪ್ಪಾಳೆ ತಟ್ಟಿದೆವು. ಆ ದಿನ ಅವನು ವಿಮಾನವನ್ನು ಮೇಲಿಂದ ನೇರ ಕೆಳಕ್ಕೆ ಬಿಟ್ಟು ಥಟ್ಟನೆ ಮೇಲೆತ್ತಿದ. ರೆಕ್ಕೆ ಹೋದದ್ದು ಆ ಕ್ಷಣದಲ್ಲಿ.

ಇಲ್ಲಿನ ಲೆಕ್ಕ ಎಲ್ಲ ತಂದೆ ತಾಯಿಗೂ ಗೊತ್ತಿರಬೇಕಾದದ್ದು. ರೆಕ್ಕೆಯ ಮೇಲಿನ ಹೊರೆ ವೇಗದ ವರ್ಗದಂತೆ ಏರುತ್ತದೆ. ನಮ್ಮ ವಿಮಾನ ಗಂಟೆಗೆ ಸುಮಾರು 30 ಕಿ.ಮೀ. ಇದ್ದರೆ ತನ್ನ ತೂಕವನ್ನು ಹೊತ್ತು ನಿಲ್ಲುತ್ತದೆ, ಅದಕ್ಕಿಂತ ನಿಧಾನವಾದರೆ ಬೀಳುತ್ತದೆ. 60 ಕಿ.ಮೀ. ವೇಗದಲ್ಲಿ ಕೋಲನ್ನು ಪೂರ್ತಿ ಎಳೆದರೆ ರೆಕ್ಕೆ ಹೊರುವುದು ತೂಕದ ನಾಲ್ಕು ಪಟ್ಟು. 90ರಲ್ಲಿ ಒಂಬತ್ತು ಪಟ್ಟು. 120ರಲ್ಲಿ ಹದಿನಾರು ಪಟ್ಟು, ಅಂದರೆ 24 ಕೆ.ಜಿ. ಹೆಚ್ಚುಕಡಿಮೆ ಒಂದು ಮೂಟೆ ಸೋನಾ ಮಸೂರಿಯನ್ನು ಬಾಲ್ಸಾ ಪಟ್ಟಿಯ ಮೇಲೆ ಇಟ್ಟ ಹಾಗೆ. ವೇಗ ದುಪ್ಪಟ್ಟಾದರೆ ಹೊರೆಯೂ ದುಪ್ಪಟ್ಟು ಎಂದು ನಾವು ಅಂದುಕೊಂಡಿದ್ದೆವು. ಬಡ್ಡಿ, ಚಕ್ರಬಡ್ಡಿಯ ವ್ಯತ್ಯಾಸ ದಿನಾ ಹೇಳುವವರೇ ಇದರಲ್ಲಿ ಎಡವಿದೆವು.

ಕಾಸ್ಟ್ ಅಕೌಂಟಿಂಗ್ ಓದಿದವರಿಗೆ ಮಾರ್ಜಿನ್ ಆಫ್ ಸೇಫ್ಟಿ ಎಂಬ ಮಾತು ಗೊತ್ತು. ಮಾರಾಟ ಎಷ್ಟು ಕುಸಿದರೂ ನಷ್ಟವಾಗದು ಎನ್ನುವ ಅಂತರ. ದೊಡ್ಡ ವಿಮಾನಗಳಲ್ಲಿ ಆ ಅಂತರವನ್ನು ಕಾನೂನೇ ಬರೆದಿಟ್ಟಿದೆ: ಸೇವೆಯಲ್ಲಿ ಬರಬಹುದಾದ ಅತಿ ದೊಡ್ಡ ಹೊರೆಯ ಒಂದೂವರೆ ಪಟ್ಟನ್ನು ರಚನೆ ತಾಳಬೇಕು. ಬಾಯಿಮಾತಲ್ಲ, ಹೊಸ ಮಾದರಿಯಾದರೆ ಸಾಮಾನ್ಯವಾಗಿ ಒಂದು ಇಡೀ ವಿಮಾನವನ್ನು ಕಟ್ಟಿಹಾಕಿ ಎಳೆದು ತೋರಿಸುತ್ತಾರೆ. 1995ರ ಜನವರಿಯಲ್ಲಿ ಬೋಯಿಂಗ್ 777ರ ರೆಕ್ಕೆಗಳನ್ನು ಹೀಗೆ ಬಗ್ಗಿಸಿದಾಗ ಅವು ಮುರಿದದ್ದು ಶೇ 154ರಲ್ಲಿ. 2010ರಲ್ಲಿ 787ರ ರೆಕ್ಕೆಗಳು ಶೇ 150ರ ಹೊರೆಗೆ ಸುಮಾರು 25 ಅಡಿ ಮೇಲಕ್ಕೆ ಬಾಗಿದವು. 2019ರ ಸೆಪ್ಟೆಂಬರ್‌ನಲ್ಲಿ ಎವರೆಟ್‌ನಲ್ಲಿ 777ಎಕ್ಸ್ ಪರೀಕ್ಷೆಯಾಗುವಾಗ, ತಲುಪಬೇಕಾದ ಕೊನೆಯ ಹೊರೆಯ ಶೇ 99ರಷ್ಟಾದಾಗ ಒಡಲೇ ಬಿರಿಯಿತು. ಇನ್ನು ಶೇ 1 ಮಾತ್ರ ಬಾಕಿ ಇತ್ತು. ಆದರೂ ಅದು ಸುದ್ದಿಯಾಯಿತು, ಯಾಕೆ ಬಿರಿಯಿತೆಂದು ಹುಡುಕಿದರು. ನಮ್ಮ ಬೆಂಗಳೂರಿಗೂ ಈ ಶಿಸ್ತು ಹೊಸದೇನಲ್ಲ. ಎನ್‌ಎಎಲ್‌ನಲ್ಲಿ ವಿಮಾನದ ರಚನೆಗಳನ್ನು ಸಾವಿರಾರು ಸಲ ಬಗ್ಗಿಸಿ ಆಯಸ್ಸು ಅಳೆಯುವ ಪ್ರಯೋಗಾಲಯವೇ ಇದೆ. ಎಚ್‌ಎಎಲ್‌ನಲ್ಲಿ ಕರ್ಟ್ ಟ್ಯಾಂಕ್ ಅವರ ತಂಡ ಮಾರುತ್ ಯುದ್ಧವಿಮಾನ ಮಾಡುವ ಮೊದಲು, 1959ರಲ್ಲಿ, ಅದೇ ಅಳತೆಯ ಮರದ ಗ್ಲೈಡರ್ ಕಟ್ಟಿ ಹಾರಿಸಿ ನೋಡಿತು. ಮಾರುತ್ ಹಾರಿದ್ದು 1961ರಲ್ಲಿ.

ಇನ್ನು ನಮ್ಮ ಪೆಟ್ಟಿಗೆಯ ಮೇಲೆ ಏನು ಬರೆದಿತ್ತು? ರೆಕ್ಕೆಯ ಉದ್ದ, ತೂಕ, ಮೋಟಾರಿನ ಶಕ್ತಿ, ಎಷ್ಟು ಬೇಗ ಜೋಡಿಸಬಹುದು ಎಂಬ ಹೆಮ್ಮೆ. ರೆಕ್ಕೆ ಎಷ್ಟು ತಾಳುತ್ತದೆ, ಯಾವ ವೇಗ ಮೀರಬಾರದು ಎಂದು ಒಂದು ಅಂಕಿಯೂ ಇಲ್ಲ. ಮಾರಿದವರಿಗೆ ಫೋಟೊಗಳ ಸಮೇತ ಪತ್ರ ಬರೆದು ಈ ಎರಡೇ ಪ್ರಶ್ನೆ ಕೇಳಿದೆವು. ಮೂರು ದಿನದಲ್ಲಿ 15 ಡಾಲರಿನ ಕೂಪನ್ ಬಂತು, ಉತ್ತರ ಬರಲಿಲ್ಲ. ಫ್ರಿಜ್ಜಿನ ಗಾಜಿನ ತಟ್ಟೆಯ ಮೇಲೂ ಎಷ್ಟು ಕೆ.ಜಿ. ಇಡಬಹುದೆಂದು ಬರೆಯುವ ಕಾಲದಲ್ಲಿ, ತಲೆಯ ಮೇಲೆ ಹಾರುವ ವಸ್ತುವಿಗೆ ಆ ಅಂಕಿ ಬೇಡವೇ? ಕೊಳ್ಳುವವರು ನಾವು ಕೇಳಬೇಕು. ಕೇಳದಿದ್ದರೆ ಅವರು ಬರೆಯುವುದಿಲ್ಲ.

ಸರ್ಕಾರದ ನಿಯಮ ಇಲ್ಲವೆಂದಲ್ಲ. ಇಲ್ಲಿ 250 ಗ್ರಾಂ ಮೀರಿದ ವಿಮಾನವಿದ್ದರೆ ಎಫ್‌ಎಎಯಲ್ಲಿ ಮೂರು ವರ್ಷಕ್ಕೆ 5 ಡಾಲರ್ ಕೊಟ್ಟು ನೋಂದಾಯಿಸಬೇಕು, ಸುರಕ್ಷತೆಯ ಒಂದು ಉಚಿತ ಪರೀಕ್ಷೆ ಪಾಸಾಗಬೇಕು, 400 ಅಡಿ ಮೀರಿ ಹಾರಿಸಬಾರದು. ನಾವು ಎಲ್ಲವನ್ನೂ ಮಾಡಿದ್ದೆವು. ಆ ನೋಂದಣಿ ಸಂಖ್ಯೆ ವಿಮಾನ ಯಾರದ್ದು ಎಂದು ಹೇಳುತ್ತದೆ, ಗಟ್ಟಿಯಿದೆ ಎಂದು ಹೇಳುವುದಿಲ್ಲ. ಹವ್ಯಾಸಿಗಳ ರಾಷ್ಟ್ರೀಯ ಸಂಸ್ಥೆಯಾದ ಎಎಂಎ ಸದಸ್ಯರಾದರೆ ಇತರರಿಗೆ ಆದ ಹಾನಿಗೆ ವಿಮೆ ಸಿಗುತ್ತದೆ. ಅದನ್ನು ಮಾತ್ರ ತಪ್ಪದೆ ಮಾಡಿಸಿ. ಆದರೆ ಮಗುವಿನ ತಲೆಗೆ ಯಾವ ಪಾಲಿಸಿಯೂ ಹೆಲ್ಮೆಟ್ ಆಗದು.

ಆಗಸ್ಟ್‌ನಲ್ಲಿ ಅಪ್ಪ ಮತ್ತು ಮೊಮ್ಮಗ ಸೇರಿ ಅದೇ ವಿಮಾನಕ್ಕೆ ಇನ್ನೊಂದು ರೆಕ್ಕೆ ತರಿಸಿದರು. ಅಪ್ಪ ಮೊದಲು ಮಾಡಿದ ಕೆಲಸ ಬುಡದ ಹತ್ತಿರ ಬಣ್ಣದ ಹಾಳೆಯನ್ನು ಬ್ಲೇಡಿನಿಂದ ಕೊಯ್ದದ್ದು. ಹೊಸ ರೆಕ್ಕೆಗೆ ಬ್ಲೇಡು ಹಾಕುವುದನ್ನು ನೋಡಿ ನಮಗೆ ಹೊಟ್ಟೆ ಉರಿಯಿತು. ಒಳಗಿನ ನಡುಹಲಗೆಗಳನ್ನು ಉಗುರಿನಿಂದ ಒಂದೊಂದಾಗಿ ಒತ್ತಿ ನೋಡಿದರು. ಒಂದು ಅಲುಗಾಡಿತು. ಅದಕ್ಕೆ ಎಪಾಕ್ಸಿ ಹಾಕಿ ಕೂರಿಸಿ ಒಂದು ದಿನ ಮುಟ್ಟಲಿಲ್ಲ. ಮೋಟಾರು ಕೂತಿರುವ ಪ್ಲೈವುಡ್ ಹಲಗೆಯನ್ನು ಹಿಡಿದು ಎಳೆದು ನೋಡಿದರು, ರೆಕ್ಕೆಯ ಹಿಂಬದಿಯ ಅಲುಗಾಡುವ ಪಟ್ಟಿಗಳ ಕೀಲು ಜಗ್ಗಿ ನೋಡಿದರು. ಈ ಪಟ್ಟಿಗಳು ಸಡಿಲವಾಗಿದ್ದರೆ ವೇಗದಲ್ಲಿ ಪಟಪಟನೆ ನಡುಗಿ ರೆಕ್ಕೆಯನ್ನೇ ಕಿತ್ತುಹಾಕಬಲ್ಲವು. ಬಾಲವನ್ನು ನೋಡಿದಾಗ ನಮ್ಮ ಬಂಡವಾಳ ಹೊರಬಿತ್ತು: ಅಂಟಿಸುವ ಜಾಗದಲ್ಲಿ ಹಾಳೆ ತೆಗೆಯಿರಿ ಎಂದು ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದ್ದರೂ ನಾವು ಹಾಳೆಯ ಮೇಲೆಯೇ ಅಂಟು ಸುರಿದಿದ್ದೆವು. ಪ್ಲಾಸ್ಟಿಕ್ಕಿಗೆ ಹಿಡಿದ ಅಂಟು ಮರಕ್ಕೆ ಹಿಡಿದಂತಲ್ಲ. ಎಡ ರೆಕ್ಕೆ ಅಂದು ಕೈಕೊಡದಿದ್ದರೆ ಇನ್ನೊಂದು ದಿನ ಬಾಲ ಕೈಕೊಡುತ್ತಿತ್ತು.

ಕೊನೆಗೆ ಹೊರೆಯ ಪರೀಕ್ಷೆ. ಮೈದಾನದಲ್ಲಿ ಅನೇಕರು ರೆಕ್ಕೆಯ ಎರಡೂ ತುದಿ ಹಿಡಿದು ವಿಮಾನ ಎತ್ತಿ, ಮುರಿಯದಿದ್ದರೆ ಗಟ್ಟಿ ಎಂದು ತೀರ್ಮಾನಿಸುತ್ತಾರೆ. ಹಾರುವಾಗ ಎತ್ತುವ ಬಲ ರೆಕ್ಕೆಯುದ್ದಕ್ಕೂ ಹರಡಿರುತ್ತದೆ, ತುದಿಯಲ್ಲಿ ಮಾತ್ರ ಅಲ್ಲ. ಆದ್ದರಿಂದ ತುದಿ ಹಿಡಿದು ಎತ್ತಿದರೆ ಬುಡಕ್ಕೆ ಬೀಳುವುದು ಸುಮಾರು ಎರಡು ಪಟ್ಟು ಹೊರೆಯಷ್ಟೇ. ಡೈವ್ ಹೊಡೆಸುವ ಹುಡುಗನಿಗೆ ಅದು ಏನೇನೂ ಸಾಲದು. ನಾವು ಎರಡು ಕುರ್ಚಿಗಳ ಮೇಲೆ ಟವೆಲ್ ಮಡಚಿಟ್ಟು ರೆಕ್ಕೆಯ ತುದಿಗಳನ್ನು ಕೂರಿಸಿ, ನಡುವೆ ಒಡಲಿನ ಮೇಲೆ ಅಕ್ಕಿ ತುಂಬಿದ ಬಟ್ಟೆಚೀಲ ಇಡುತ್ತ ಹೋದೆವು. ಅರ್ಧ ಕೆ.ಜಿ., ಒಂದು ಕೆ.ಜಿ., ಎರಡು. ಮೂರು ಕೆ.ಜಿ.ಗೆ ಒಟ್ಟು ನಾಲ್ಕೂವರೆ ಕೆ.ಜಿ. ಆಯಿತು, ಹಾರಾಟದ ಲೆಕ್ಕದಲ್ಲಿ ಆರು ಪಟ್ಟು. ರೆಕ್ಕೆ ಬಾಗಿತು, ಒಂದು ಸಣ್ಣ ಸದ್ದೂ ಬರಲಿಲ್ಲ. ಮಗ ಇನ್ನೂ ಇಡೋಣ ಎಂದ. "ಪರೀಕ್ಷೆ ಮಾಡೋದು ಮುರಿಯೋಕಲ್ಲ ಪುಟ್ಟ, ಇನ್ನೊಂದು ರೆಕ್ಕೆ ಇದ್ದರೆ ಮುರಿಯೋಣ" ಎಂದರು ಅಜ್ಜ. ಆರು ತಾಳಿದ್ದನ್ನು ಒಂದೂವರೆಯಿಂದ ಭಾಗಿಸಿ ನಾಲ್ಕು ಎಂದು ಬರೆದುಕೊಂಡೆವು. ನಾಲ್ಕು ಪಟ್ಟು ಎಂದರೆ 60 ಕಿ.ಮೀ. ವೇಗ. ಆ ಅಂಕಿಯನ್ನು ಮಗನೇ ಮಾರ್ಕರ್‌ನಿಂದ ರೆಕ್ಕೆಯ ಮೇಲೆ ಬರೆದ. ನಾಲ್ಕು ಸೆಲ್ಲಿನ ಬ್ಯಾಟರಿ ಡ್ರಾಯರು ಸೇರಿತು. ಗಾಳಿಯಿಲ್ಲದ ದಿನ ಬೆರಳುಗಾತ್ರದ ಜಿಪಿಎಸ್ ಒಂದನ್ನು ಒಳಗಿಟ್ಟು ವೇಗ ನೋಡುವುದೂ ಅವನೇ.

ಫೋಮಿನ ವಿಮಾನ ಕೊಂಡವರು ಇದು ನಮಗಲ್ಲ ಎಂದುಕೊಳ್ಳಬಾರದು. ಅದರ ರೆಕ್ಕೆಯಲ್ಲಿ ಭಾರ ಹೊರುವುದು ಒಳಗಿನ ಕಾರ್ಬನ್ ಕೊಳವೆ. ಆ ಕೊಳವೆ ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂದು ನೋಡಿ. ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟರೆ ಫೋಮು ಮೆದುವಾಗಿ ತಿರುಚಿಕೊಳ್ಳುತ್ತದೆ. ಒಮ್ಮೆ ಬಿದ್ದದ್ದಾದರೆ ಹೊರಗೆ ಗೀರು ಇಲ್ಲದಿದ್ದರೂ ಒಳಗೆ ಕೊಳವೆ ಸೀಳಿರಬಹುದು.

ನಮ್ಮ ಪಿಕ್ನಿಕ್ಕುಗಳಲ್ಲಿ ಈಗ ಒಂದು ಪದ್ಧತಿ ತಂದಿದ್ದೇವೆ. ಊಟದ ಚಾಪೆ ಒಂದು ಕಡೆ, ವಿಮಾನ ಇನ್ನೊಂದು ಕಡೆ, ಹಾರಿಸುವವನು ಚಾಪೆಗೆ ಬೆನ್ನು ಹಾಕಿ ನಿಲ್ಲಬೇಕು. ವಿಮಾನ ಅವನ ಬೆನ್ನ ಹಿಂದೆ ಬರಕೂಡದು. ಮೊದಲ ಸಲ ಹೇಳಿದಾಗ ಕೆಲವರು, "ಏನ್ರೀ, ಪಿಕ್ನಿಕ್ಕಿಗೂ ಆಡಿಟ್ಟಾ?" ಎಂದು ನಕ್ಕರು. ಆ ನಾಲ್ಕು ವರ್ಷದ ಹುಡುಗಿಯ ಅಮ್ಮ ನಗಲಿಲ್ಲ.

ಊರಿನಲ್ಲಿರುವವರಿಗೂ ಒಂದು ಮಾತು. ಬರುವಾಗ ಅಣ್ಣನ ಮಗನಿಗೊಂದು ವಿಮಾನ ತನ್ನಿ ಎಂದು ನೀವು ಕೇಳುತ್ತೀರಿ, ಇಲ್ಲ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಸೂಟ್‌ಕೇಸಿನಲ್ಲಿ ಚಾಕೊಲೇಟು, ಶಾಂಪೂ ಬಾಟಲಿಗಳ ಕೆಳಗೆ ಸಿಕ್ಕಿದ ಬಾಲ್ಸಾ ರೆಕ್ಕೆ ಬಣ್ಣದ ಹಾಳೆಯೊಳಗೇ ಬಿರುಕು ಬಿಟ್ಟಿರುತ್ತದೆ, ಹೊರಗೆ ಕಾಣುವುದಿಲ್ಲ. ಬಿಡಿ ಲಿಥಿಯಂ ಬ್ಯಾಟರಿಯನ್ನಂತೂ ಚೆಕ್-ಇನ್ ಚೀಲದಲ್ಲಿ ಹಾಕುವಂತೆಯೇ ಇಲ್ಲ, ಕೈಚೀಲದಲ್ಲೇ ತರಬೇಕು. ತಂದುಕೊಟ್ಟರೂ ಅದನ್ನು ಬಿಚ್ಚಿ ನೋಡಲು ಅಲ್ಲಿ ಒಬ್ಬರು ಬೇಕು. ನಿಮ್ಮ ಬೀದಿಯ ಬಡಗಿಯೇ ಸಾಕು, ಅಂಟು ಹಿಡಿದಿದೆಯೋ ಇಲ್ಲವೋ ಅವರಿಗೆ ಗೊತ್ತಾಗುತ್ತದೆ. ಅವರು ನೋಡುವವರೆಗೆ ಹಾರಿಸಬೇಡಿ.

ಅಪ್ಪ ಅಕ್ಟೋಬರಿನಲ್ಲಿ ಸಾಗರಕ್ಕೆ ಹಿಂತಿರುಗಿದರು. ಈಗ ಇಲ್ಲಿ ಮಳೆಗಾಲ, ಹಾರಿಸುವಂತಿಲ್ಲ. ಮಗ ಗ್ಯಾರೇಜಿನಲ್ಲಿ ಪೆಟ್ಟಿಗೆಯದಲ್ಲದ ಒಂದು ರೆಕ್ಕೆಯನ್ನು ತಾನೇ ಕಟ್ಟುತ್ತಿದ್ದಾನೆ. ಹೋದ ವಾರ ವಿಡಿಯೊ ಕರೆಯಲ್ಲಿ ಅದನ್ನು ಅಜ್ಜನಿಗೆ ತಿರುಗಿಸಿ ತಿರುಗಿಸಿ ತೋರಿಸಿದ. ಅಜ್ಜ ಕನ್ನಡಕ ಹಾಕಿಕೊಂಡು ಫೋನನ್ನು ಹತ್ತಿರ ಹಿಡಿದು, "ಬಣ್ಣದ ಹಾಳೆ ಇನ್ನೂ ಹಚ್ಚಬೇಡ, ಬುಡದ ಎರಡನೇ ಹಲಗೆಯ ಹತ್ತಿರ ಕ್ಯಾಮೆರಾ ಹಿಡಿ" ಎಂದರು.